ಗಂಡಿಲ್ಲದೆ ಸಾಗುವ ಹೇನಿನ ವಂಶ: ಗಂಡು ಬಂದರೂ ಹುಟ್ಟುವುದು ಹೆಣ್ಣೇ

ಅಲಸಂದೆ, ಅವರೆ, ಶೇಂಗಾ ಬೆಳೆಯುವ ನಮ್ಮ ರೈತರಿಗೆ ಹೇನಿನ ಕಾಟ ಹೊಸದಲ್ಲ. ಆದೋನಿ ಕಡೆ ತೆಲುಗಿನಲ್ಲಿ ಇದು ಪೇನುಬಂಕ, ತಾಳವಾಡಿ ಕಡೆ ತಮಿಳಿನಲ್ಲಿ ಅಸುವಿನಿ, ಸೊಲ್ಲಾಪುರ, ಜತ್ತ ಕಡೆ ಮರಾಠಿಯಲ್ಲಿ ಮಾವಾ. ಇಂದು ಕುಡಿಯಲ್ಲಿ ನಾಲ್ಕು ಹೇನು ಕಂಡರೆ, ಕೆಲವೇ ದಿನಗಳಲ್ಲಿ ಗಿಡದ ತುದಿಯೆಲ್ಲ ಕರ್ರಗೆ ಮುತ್ತಿರುತ್ತದೆ. ಇಷ್ಟು ಬೇಗ ಹೇಗೆ?

ಈ ಹುಳುವಿಗೆ ಮರಿ ಹಾಕಲು ಗಂಡು ಬೇಕಿಲ್ಲ. ನಮ್ಮ ಹೊಲದಲ್ಲಿ ಕಾಣುವ ಹೇನುಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. ಅವು ಮೊಟ್ಟೆ ಇಡದೆ ನೇರವಾಗಿ ಹೆಣ್ಣುಮರಿಗಳನ್ನೇ ಹೆರುತ್ತವೆ. ಹುಟ್ಟುವಾಗಲೇ ಆ ಮರಿಗಳ ಹೊಟ್ಟೆಯಲ್ಲಿ ಮುಂದಿನ ಮರಿಗಳು ಬೆಳೆಯತೊಡಗಿರುತ್ತವೆ. 1740ರಲ್ಲಿ ಜಿನೀವಾದ ಚಾರ್ಲ್ಸ್ ಬೊನೆ ಎಂಬವರು ಒಂದು ಹೇನನ್ನು ಹುಟ್ಟಿದ ಕೂಡಲೇ ಬೇರೆ ಇಟ್ಟು ಕಾದು ನೋಡಿದರು. ಗಂಡಿನ ಮುಖ ಕಾಣದೆಯೇ ಅದು 95 ಮರಿ ಹಾಕಿತು.

ಹಾಗಾದರೆ ಗಂಡೇ ಇಲ್ಲವೇ? ಇದೆ, ಆದರೆ ಅಪರೂಪ. ಚಳಿ ದೇಶಗಳಲ್ಲಿ ಹಗಲು ಕಿರಿದಾಗುತ್ತಾ ಬಂದಾಗ ಗಂಡುಗಳೂ ಮೊಟ್ಟೆ ಇಡುವ ಹೆಣ್ಣುಗಳೂ ಹುಟ್ಟುತ್ತವೆ. ಕೊರೆಯುವ ಚಳಿಯನ್ನು ತಡೆದುಕೊಳ್ಳುವುದು ಮೊಟ್ಟೆ. ಈ ಗಂಡಿಗೂ ತಂದೆ ಇಲ್ಲ. ಹೆಣ್ಣಿನ ಜೀವಕೋಶದಲ್ಲಿ ಎಕ್ಸ್ ಎಂಬ ವರ್ಣತಂತು ಎರಡಿರುತ್ತವೆ. ಅದರಲ್ಲಿ ಒಂದು ಕಳೆದುಹೋದರೆ ಹುಟ್ಟುವ ಮರಿ ಗಂಡು.

ಈ ಗಂಡಿನಲ್ಲಿ ವೀರ್ಯಾಣು ತಯಾರಾಗುವ ಬಗೆಯೇ ಬೇರೆ. ಸಾಮಾನ್ಯವಾಗಿ ಪ್ರಾಣಿಗಳಲ್ಲಿ ಒಂದು ಕೋಶ ಎರಡು ಸಲ ಒಡೆದು ನಾಲ್ಕು ವೀರ್ಯಾಣುಗಳಾಗುತ್ತವೆ. ಹೇನಿನಲ್ಲಿ ಮೊದಲ ಸಲವೇ ಪಾಲು ಸಮನಾಗಿ ಆಗುವುದಿಲ್ಲ. ಇರುವ ಒಂದೇ ಎಕ್ಸ್ ಹೋದ ಕಡೆ ಕೋಶ ದೊಡ್ಡದು. ಎಕ್ಸ್ ಸಿಗದ ಕೋಶ ಸಣ್ಣದಾಗಿ ಉಳಿದು ನಶಿಸುತ್ತದೆ. ದೊಡ್ಡದು ಮತ್ತೆ ಒಡೆದು ಎರಡೇ ವೀರ್ಯಾಣು, ಎರಡರಲ್ಲೂ ಎಕ್ಸ್. ಮೊಟ್ಟೆಯಲ್ಲೂ ಒಂದು ಎಕ್ಸ್ ಇರುವುದರಿಂದ, ಎರಡು ಕೂಡಿ ಹುಟ್ಟುವುದೆಲ್ಲ ಹೆಣ್ಣೇ. ಹೇನು ಮತ್ತು ಅದರ ಹತ್ತಿರದ ಹುಳುಗಳಲ್ಲಿ ಈ ಲೆಕ್ಕವನ್ನು ಬಿಡಿಸಿದವರಲ್ಲಿ ಅಮೆರಿಕದ ಟಿ.ಎಚ್. ಮಾರ್ಗನ್ ಒಬ್ಬರು, ಅದು 1909ರ ಮಾತು.

ರೈತರು ನೆನಪಿಡಬೇಕಾದದ್ದು ಇಷ್ಟು. ಬಿಸಿಲು ಸೀಮೆಯಲ್ಲಿ ಹೇನು ವರ್ಷವಿಡೀ ಗಂಡಿಲ್ಲದೆಯೇ ಬೆಳೆಯಬಲ್ಲದು. ಮಕ್ಕಳೆಲ್ಲ ತಾಯಿಯ ತದ್ರೂಪು. ಒಂದು ಔಷಧಿಗೆ ಬಗ್ಗದ ಒಂದೇ ಹೇನು ಉಳಿದರೂ ಅದರ ಸಂತಾನವೂ ಆ ಔಷಧಿಗೆ ಬಗ್ಗದು. ಹಾಗಾಗಿ ಒಂದೇ ಔಷಧಿಯನ್ನು ಪದೇ ಪದೇ ಹೊಡೆಯಬೇಡಿ. ನಾಲ್ಕು ಕಂಡಾಗಲೇ ಆ ಕುಡಿ ಚಿವುಟಿ ಹಾಕಿ. ಹೇನನ್ನು ತಿಂದು ಬದುಕುವ ಗುಲಗಂಜಿ ಹುಳುವನ್ನು ಮಾತ್ರ ಉಳಿಸಿಕೊಳ್ಳಿ.