ಅಡಕೆಯ ಮರ, ಗಿಡ್ಡ ತಳಿಯ ದನ ಮತ್ತು ಕೊಳೆರೋಗ
(ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಹಿಡುವಳಿದಾರರಿಗೆ)

ಈ ಮೂರು ತಾಲ್ಲೂಕುಗಳಲ್ಲಿ ಹುಟ್ಟಿ ಬೆಳೆದವರಿಗೆ ಅಡಕೆಯ ಮರವನ್ನು ಪರಿಚಯ ಮಾಡಿಕೊಡಬೇಕಾದ ಅವಶ್ಯಕತೆಯಿಲ್ಲ. ಆದರೂ ದಿನವೂ ಕಣ್ಣಿಗೆ ಬೀಳುವ ವಸ್ತುವಿನಲ್ಲಿಯೇ ಗಮನಕ್ಕೆ ಬಾರದ ಸಂಗತಿಗಳು ಅನೇಕವಿರುತ್ತವೆ. ಅಡಕೆಯ ಕಾಂಡದ ಮೇಲಿನ ಒಂದೊಂದು ಉಂಗುರವೂ ಕಳಚಿ ಬಿದ್ದ ಒಂದೊಂದು ಸೋಗೆಯ ಗುರುತಾಗಿದೆ. ವರ್ಷಕ್ಕೆ ಐದಾರು ಸೋಗೆಗಳು ಬೀಳುವುದರಿಂದ, ಉಂಗುರಗಳನ್ನೆಣಿಸಿ ಮರದ ವಯಸ್ಸನ್ನು ಸ್ಥೂಲವಾಗಿ ಅಂದಾಜು ಮಾಡಬಹುದು. ಒಂದೇ ಹಿಂಗಾರದಲ್ಲಿ ಗಂಡು ಹೂಗಳೂ ಹೆಣ್ಣು ಹೂಗಳೂ ಇರುತ್ತವೆ. ಆದರೆ ಗಂಡು ಹೂಗಳು ಅರಳಿ ಉದುರಿದ ತರುವಾಯವೇ ಹೆಣ್ಣು ಹೂಗಳು ಅರಳುವುದರಿಂದ, ಒಂದು ಮರವು ಕಾಯಿ ಕಟ್ಟಲು ಸಾಮಾನ್ಯವಾಗಿ ನೆರೆಯ ಮರದ ಪರಾಗವೇ ಬೇಕಾಗುತ್ತದೆ.

ತೋಟಕ್ಕೆ ಗೊಬ್ಬರವನ್ನೊದಗಿಸುತ್ತ ಬಂದಿರುವುದು ಮಲೆನಾಡಿನ ಗಿಡ್ಡ ದನ. ಇದೇ ಜಿಲ್ಲೆಯ ಅಜ್ಜಂಪುರದ ಅಮೃತಮಹಲ್ ರಾಸುಗಳ ಪಕ್ಕದಲ್ಲಿ ನಿಲ್ಲಿಸಿದರೆ ಇದು ಕರುವಿನಂತೆ ತೋರುತ್ತದೆ. ಎತ್ತರ ಸುಮಾರು ಮೂರು ಅಡಿ. ಹಾಲು ಸ್ವಲ್ಪವೆಂಬ ಕಾರಣದಿಂದ ಬಹುಕಾಲ ಇದನ್ನು ಯಾವ ತಳಿಯೆಂದೂ ಎಣಿಸಿರಲಿಲ್ಲ. 2012ರಲ್ಲಿ ಮಲೆನಾಡು ಗಿಡ್ಡವನ್ನು ಪ್ರತ್ಯೇಕ ತಳಿಯೆಂದು ರಾಷ್ಟ್ರೀಯ ಪಟ್ಟಿಯಲ್ಲಿ ದಾಖಲು ಮಾಡಲಾಯಿತು. ಜಡಿಮಳೆಯಲ್ಲಿಯೂ ಗುಡ್ಡದ ಇಳಿಜಾರಿನಲ್ಲಿ ಮೇಯುವ ಈ ದನವು ಕಾಡಿನ ಮೇವನ್ನು ಸಗಣಿಯಾಗಿ ಮಾರ್ಪಡಿಸಿ ಕೊಟ್ಟಿಗೆಗೆ ತರುತ್ತದೆ. ಅಲ್ಲಿ ಹಾಸಿದ ಸೊಪ್ಪಿನೊಡನೆ ಬೆರೆತ ಆ ಗೊಬ್ಬರವು ಮರದ ಬುಡವನ್ನು ಸೇರುತ್ತದೆ. ಹಾಲಿನ ಲೆಕ್ಕವೊಂದರಿಂದಲೇ ಇದರ ಬೆಲೆಯನ್ನು ಕಟ್ಟುವುದು ಸರಿಯಲ್ಲ.

ಕೊಳೆರೋಗದ ವಿಷಯ. ಕನ್ನಡದ ಈ ಪದವು ಶಾಸ್ತ್ರಗ್ರಂಥಗಳಲ್ಲಿ ಲ್ಯಾಟಿನ್ ಹೆಸರಿನೊಳಗೂ ಸೇರಿಹೋಗಿರುವುದು ಅನೇಕರಿಗೆ ತಿಳಿಯದು. ಕಾಫಿಯ ಎಲೆಯನ್ನು ಕೊಳೆಯಿಸುವ ಬೂಷ್ಟಿಗೆ 1876ರಲ್ಲಿ ಕುಕ್ ಎಂಬ ಆಂಗ್ಲ ವಿದ್ವಾಂಸನು ‘ಪೆಲ್ಲಿಕ್ಯುಲೇರಿಯಾ ಕೊಳೆರೋಗ’ ಎಂದು ನಾಮಕರಣ ಮಾಡಿದನು. ಅಡಕೆಯನ್ನು ಕೊಳೆಯಿಸುವುದು ಮಾತ್ರ ಬೇರೊಂದು ಜೀವಿ. ಅದು ಫೈಟಾಫ್ತೊರ ಎಂಬ ಜಾತಿಗೆ ಸೇರಿದುದು. ಇದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಆದುದರಿಂದಲೇ ಬಿಡುವಿಲ್ಲದೆ ಮಳೆ ಹಿಡಿದ ವರ್ಷ ರೋಗವು ಕೊನೆಯಿಂದ ಕೊನೆಗೆ ಹಬ್ಬುತ್ತದೆ.

ಹಿಂದೆ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಶೋಧಿಸಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಈ ದ್ರಾವಣದ ಹುಟ್ಟು ವಿನೋದಕರವಾದುದು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕದಿಯದಂತೆ ದಾರಿಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಬಳಿಯುತ್ತಿದ್ದರು. ಬಳಿದ ಬಳ್ಳಿಗಳು ರೋಗದಿಂದ ಪಾರಾದುದನ್ನು ಮಿಲಾರ್ಡೆ ಎಂಬ ಪಂಡಿತನು ಗಮನಿಸಿ, 1885ರಲ್ಲಿ ಪ್ರಕಟಿಸಿದನು.

ದ್ರಾವಣವನ್ನು ತಯಾರಿಸುವಲ್ಲಿ ಅಜಾಗರೂಕತೆ ಸಲ್ಲದು. ಒಂದು ಕಿಲೋಗ್ರಾಂ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ, ಅಷ್ಟೇ ತೂಕದ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿಯೂ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಮೆಲ್ಲನೆ ಸುರಿಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ಚೊಕ್ಕಟವಾದ ಚಾಕುವಿನ ಅಲಗನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸೇರಿಸಬೇಕು; ಇಲ್ಲವಾದರೆ ಎಳೆಯ ಕಾಯಿ ಸುಡುತ್ತದೆ. ಮಾಡಿದ ದಿನವೇ ಬಳಸಿ ಮುಗಿಸಬೇಕು. ಮೊದಲನೆಯ ಸಿಂಪಡಣೆಯು ಮುಂಗಾರು ಹಿಡಿಯುವುದಕ್ಕೆ ಮುಂಚೆಯೇ ಆಗತಕ್ಕದ್ದು. ಎರಡನೆಯದು 40–45 ದಿನಗಳ ಮೇಲೆ, ಮಳೆ ಹೊಳವಾದಾಗ. ಮರ ಹತ್ತುವ ಕೊನೆಗಾರರು ದುರ್ಲಭರಾಗಿರುವ ಈಗಿನ ಕಾಲದಲ್ಲಿ ನೆಲದಿಂದಲೇ ಸಿಂಪಡಿಸುವ ಉದ್ದನೆಯ ದೋಟಿಗಳು ಬಂದಿರುವುದು ಸಮಾಧಾನದ ಸಂಗತಿ.

ಹಳದಿ ಎಲೆ ರೋಗವು ಈ ಸೀಮೆಯ ತೋಟಗಳನ್ನು ಬಹುಕಾಲದಿಂದ ಕ್ಷೀಣಗೊಳಿಸುತ್ತಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಸೇರಿಕೊಂಡಿದೆ. ಮೊದಲನೆಯದನ್ನು ಗುಣಪಡಿಸುವ ಮದ್ದಿಲ್ಲ. ಕೊಳೆರೋಗಕ್ಕೆ ಮದ್ದಿದ್ದೂ ಫಸಲು ಕಳೆದುಕೊಳ್ಳುವುದು ವ್ಯಸನಕರ. ಒಬ್ಬನು ಸಿಂಪಡಿಸಿ ನೆರೆಯವನು ಬಿಟ್ಟರೆ ರೋಗದ ಬೀಜವು ಬೇಲಿಯಾಚೆಯೇ ಉಳಿಯುತ್ತದೆ. ಊರಿನ ಮುಖಂಡರು ಬೇಸಗೆಯಲ್ಲಿಯೇ ತೋಟದವರೆಲ್ಲರನ್ನೂ ಸೇರಿಸಿ, ಸಿಂಪಡಣೆಯ ಸರದಿಯನ್ನು ಗೊತ್ತುಮಾಡಬೇಕು. ಕಳೆದ ವರ್ಷ ಕೊಳೆತು ಮರದ ತಲೆಯಲ್ಲಿಯೇ ಒಣಗಿ ನಿಂತ ಕೊನೆಗಳನ್ನು ಮಳೆಗೆ ಮುಂಚೆ ಇಳಿಸಿ ಸುಡಿಸಬೇಕು.