ದಾಸೋಹದ ದಿನ ಮತ್ತು ಮನೆಯ ಶೌಚಗುಂಡಿ

ಮನೆಗೆ ಬಂದವರನ್ನು ಉಣ್ಣಿಸದೆ ಕಳುಹಿಸುವ ರೂಢಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇಲ್ಲ. ಮದುವೆ, ಗೃಹಪ್ರವೇಶ, ಲಿಂಗದೀಕ್ಷೆ, ಶಿವಗಣಾರಾಧನೆ, ಊರ ಜಾತ್ರೆ ಯಾವುದೇ ಇರಲಿ, ಐದು ಜನರು ವಾಸಿಸುವ ತೋಟದ ಮನೆಗೆ ಒಂದೇ ದಿನ ಎಂಬತ್ತು, ನೂರು ಮಂದಿ ಬಂದು ಸೇರುತ್ತಾರೆ. ಅಕ್ಕಿ ಎಷ್ಟು, ಬೇಳೆ ಎಷ್ಟು, ಬಾಳೆಎಲೆ ಎಷ್ಟು ಎಂದು ಹಿರಿಯರು ತಿಂಗಳ ಮುಂಚೆಯೇ ಲೆಕ್ಕ ಹಾಕುತ್ತಾರೆ. ಐದು ಜನರಿಗೆಂದು ಕಟ್ಟಿದ ಶೌಚಗುಂಡಿಯು ಅಂದು ಎಷ್ಟು ಭಾರವನ್ನು ಹೊರಬೇಕಾದೀತು ಎಂಬ ಲೆಕ್ಕವನ್ನು ಮಾತ್ರ ಸಾಮಾನ್ಯವಾಗಿ ಯಾರೂ ಹಾಕುವುದಿಲ್ಲ.

ಆ ಲೆಕ್ಕ ತಪ್ಪಿದಾಗ ಆಗುವುದು ಕೇವಲ ಮುಜುಗರವಲ್ಲ. ಉಕ್ಕಿದ ಗುಂಡಿಯ ನೀರು ಬಾವಿಯನ್ನು ಸೇರಬಹುದು. ಅದಕ್ಕಿಂತ ಘೋರವಾದುದು, ನಡುರಾತ್ರಿಯಲ್ಲಿ ಯಾರನ್ನೋ ಕರೆಸಿ ಗುಂಡಿಗೆ ಇಳಿಸುವ ಯೋಚನೆ ಮನೆಯವರಿಗೆ ಬರಬಹುದು. ದಾಸೋಹದ ದಿನವೇ ಮತ್ತೊಬ್ಬರ ಪ್ರಾಣಕ್ಕೆ ಸಂಚಕಾರ ಬರುವುದಾದರೆ ಅದನ್ನು ದಾಸೋಹವೆಂದು ಕರೆಯಲಾಗದು. ಆದ್ದರಿಂದ ಸದ್ಭಕ್ತರು ಈ ವಿಷಯವನ್ನು ಸಂಕೋಚವಿಲ್ಲದೆ ತಿಳಿದುಕೊಳ್ಳುವುದು ಅಗತ್ಯ.

ಗುಂಡಿ ಕೆಲಸ ಮಾಡುವ ಬಗೆ

ಸೆಪ್ಟಿಕ್ ಟ್ಯಾಂಕ್ ಎಂಬುದು ತಳ ಮತ್ತು ಗೋಡೆ ಭದ್ರವಾಗಿರುವ ಒಂದು ತೊಟ್ಟಿ. ಶೌಚಾಲಯದಿಂದ ಬಂದ ಮಲಿನವು ಅದರಲ್ಲಿ ಮೂರು ಪದರಗಳಾಗಿ ಬೇರ್ಪಡುತ್ತದೆ. ಭಾರವಾದ ಕೆಸರು ತಳಕ್ಕಿಳಿಯುತ್ತದೆ, ಎಣ್ಣೆ ಮತ್ತು ಹಗುರವಾದ ಕಲ್ಮಷವು ಮೇಲೆ ಕೆನೆಯಂತೆ ತೇಲುತ್ತದೆ, ನಡುವೆ ತಕ್ಕಮಟ್ಟಿಗೆ ತಿಳಿಯಾದ ನೀರು ಉಳಿಯುತ್ತದೆ. ಗಾಳಿಯಿಲ್ಲದೆಯೂ ಬದುಕುವ ಸೂಕ್ಷ್ಮಜೀವಿಗಳು ಕೆಸರನ್ನು ನಿಧಾನವಾಗಿ ಕರಗಿಸುತ್ತವೆ. ನಡುವಣ ನೀರು ಹೊರಕೊಳವೆಯ ಮೂಲಕ ಇಂಗುಗುಂಡಿಗೆ ಹೋಗಿ ಮಣ್ಣಿನಲ್ಲಿ ಸೋಸಲ್ಪಡುತ್ತದೆ.

ಈ ಕ್ರಿಯೆಗೆ ಬೇಕಾದುದು ನಿಶ್ಚಲತೆ ಮತ್ತು ಕಾಲಾವಕಾಶ. ನೀರು ಕನಿಷ್ಠ ಒಂದು ದಿನವಾದರೂ ತೊಟ್ಟಿಯಲ್ಲಿ ನಿಲ್ಲಬೇಕು, ಎರಡು ದಿನ ನಿಂತರೆ ಇನ್ನೂ ಒಳ್ಳೆಯದು. ಒಂದು ಉದಾಹರಣೆಯಿಂದ ಇದನ್ನು ನೋಡೋಣ. ತೊಟ್ಟಿಯಲ್ಲಿ 2,000 ಲೀಟರ್ ಹಿಡಿಯುತ್ತದೆಂದೂ, ಅದರ ಮೂರನೆಯ ಒಂದು ಭಾಗದಲ್ಲಿ ಈಗಾಗಲೇ ಕೆಸರು ತುಂಬಿದೆಯೆಂದೂ ಇಟ್ಟುಕೊಳ್ಳೋಣ. ನೀರಿಗೆ ಉಳಿದ ಜಾಗ ಸುಮಾರು 1,350 ಲೀಟರ್. ಮನೆಯ ಐವರು ಶೌಚಕ್ಕೆ ದಿನಕ್ಕೆ ತಲಾ 30 ಲೀಟರ್ ಬಳಸಿದರೆ 150 ಲೀಟರ್ ಆಗುತ್ತದೆ. ಅಂದರೆ ನೀರು ಒಂಬತ್ತು ದಿನ ಒಳಗೆ ನಿಲ್ಲುತ್ತದೆ. ಸಮಾರಂಭದ ದಿನ 80 ಮಂದಿ ಅತಿಥಿಗಳು ತಲಾ 15 ಲೀಟರ್ ಬಳಸಿದರೂ 1,200 ಲೀಟರ್ ಹೆಚ್ಚುತ್ತದೆ. ಆಗ ನೀರು ನಿಲ್ಲುವುದು ಒಂದೇ ದಿನ. ಅಡುಗೆಮನೆ, ಬಚ್ಚಲುಗಳ ನೀರೂ ಅದೇ ತೊಟ್ಟಿಗೆ ಸೇರಿ ಪ್ರಮಾಣವು ಇಮ್ಮಡಿಯಾದರೆ ಅರ್ಧ ದಿನ ಮಾತ್ರ. ಆಗ ತಳದ ಕೆಸರು ಕದಡಿ ನೀರಿನೊಡನೆ ಇಂಗುಗುಂಡಿಗೆ ಹರಿಯುತ್ತದೆ. ಮಣ್ಣಿನ ಸೂಕ್ಷ್ಮರಂಧ್ರಗಳು ಒಮ್ಮೆ ಕೆಸರಿನಿಂದ ಕಟ್ಟಿಕೊಂಡರೆ ಮತ್ತೆ ತೆರೆದುಕೊಳ್ಳುವುದು ಕಷ್ಟ. ಸಮಾರಂಭ ಮುಗಿದ ಕೆಲವು ತಿಂಗಳ ಬಳಿಕ ಗುಂಡಿ ಕೆಟ್ಟಿತು ಎನ್ನುವ ಮನೆಗಳಲ್ಲಿ ಹಾನಿಯ ಆರಂಭ ಆ ಒಂದು ದಿನದಲ್ಲೇ ಆಗಿರಬಹುದು.

ನಮ್ಮ ಹಳ್ಳಿಗಳ ಅನೇಕ ಮನೆಗಳಲ್ಲಿ ಸೆಪ್ಟಿಕ್ ಟ್ಯಾಂಕ್ ಬದಲು ಸಿಮೆಂಟ್ ಬಳೆಗಳನ್ನು ಇಳಿಸಿದ ಇಂಗುವ ಗುಂಡಿಗಳಿವೆ. ಎರಡು ಗುಂಡಿಗಳಿರುವಲ್ಲಿ ಒಂದನ್ನು ಬಳಸುವಾಗ ಇನ್ನೊಂದು ಮುಚ್ಚಿರಬೇಕು. ತುಂಬಿದ ಗುಂಡಿಯು ಒಂದೂವರೆಯಿಂದ ಎರಡು ವರ್ಷ ವಿಶ್ರಾಂತಿ ಪಡೆದರೆ ಅದರಲ್ಲಿರುವುದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ನೆಂಟರು ಬಂದರೆಂದು ಎರಡೂ ಗುಂಡಿಗಳಿಗೆ ಒಟ್ಟಿಗೆ ದಾರಿ ಬಿಡುವುದು ದೊಡ್ಡ ತಪ್ಪು. ಆ ಒಂದು ದಿನದ ಹೊಸ ಮಲಿನದಿಂದ ಎರಡು ವರ್ಷದ ವಿಶ್ರಾಂತಿ ವ್ಯರ್ಥವಾಗುತ್ತದೆ.

ಸಮಾರಂಭಕ್ಕೆ ಮುನ್ನ

ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಗಳಿಗೊಮ್ಮೆ ಖಾಲಿ ಮಾಡಿಸುವುದು ಒಳ್ಳೆಯ ಕ್ರಮ. ಕೆಸರು ಮತ್ತು ಕೆನೆ ಸೇರಿ ತೊಟ್ಟಿಯ ಮೂರನೆಯ ಒಂದು ಭಾಗವನ್ನು ಮೀರಿದ್ದರೆ ವಾಯಿದೆಯನ್ನು ಕಾಯಬಾರದು. ದೊಡ್ಡ ಕಾರ್ಯವಿದ್ದಲ್ಲಿ ಎರಡು ಮೂರು ವಾರ ಮುಂಚಿತವಾಗಿ ಹೀರುಯಂತ್ರದ ವಾಹನವನ್ನು ಕರೆಸಬೇಕು. ಹಿಂದಿನ ದಿನ ಕರೆಸಿದರೆ ವಾಹನ ದೊರೆಯದೆ ಹೋಗಬಹುದು, ಯಾವುದಾದರೂ ದೋಷ ಕಂಡುಬಂದರೆ ಸರಿಪಡಿಸಲೂ ಸಮಯವಿರುವುದಿಲ್ಲ. ತಳದಲ್ಲಿ ಸ್ವಲ್ಪ ಹಳೆಯ ಕೆಸರು ಉಳಿಯಲಿ, ಸೂಕ್ಷ್ಮಜೀವಿಗಳಿಗೆ ಅದೇ ಬೀಜ. ಬೆಲ್ಲ, ಮೊಸರು, ಸಗಣಿ ಅಥವಾ ಅಂಗಡಿಯ ಪುಡಿಗಳನ್ನು ಹಾಕುವ ಅಗತ್ಯವಿಲ್ಲ. ಅವು ತುಂಬಿದ ಗುಂಡಿಯನ್ನು ಬರಿದು ಮಾಡಲಾರವು.

ಅಡುಗೆ, ಪಾತ್ರೆ, ಸ್ನಾನಗಳ ನೀರನ್ನು ಶೌಚಗುಂಡಿಯಿಂದ ಬೇರ್ಪಡಿಸುವುದು ಎರಡನೆಯ ಹೆಜ್ಜೆ. ಈ ನೀರಿಗೆ ನಮ್ಮ ಸೀಮೆಯಲ್ಲಿ ತಾಣ ಹುಡುಕಬೇಕಿಲ್ಲ, ತೆಂಗಿನ ಪಾತಿಗಳೇ ಇವೆ. ಪಾತ್ರೆ ತೊಳೆಯುವ ಜಾಗದಲ್ಲಿ ಒಂದು ಸಣ್ಣ ತೊಟ್ಟಿ ಮಾಡಿ, ಅನ್ನದ ಅಗಳು ಮತ್ತು ಜಿಡ್ಡು ಅಲ್ಲಿಯೇ ನಿಲ್ಲುವಂತೆ ನೋಡಿಕೊಂಡು, ಉಳಿದ ನೀರನ್ನು ಕಾಲುವೆಯಲ್ಲಿ ನಾಲ್ಕಾರು ಮರಗಳಿಗೆ ಹಂಚಬಹುದು. ಪಾತಿಯಲ್ಲಿ ತೆಂಗಿನ ಸಿಪ್ಪೆ ಹರಡಿದ್ದರೆ ನೀರು ನಿಂತು ಸೊಳ್ಳೆಯಾಗುವುದಿಲ್ಲ, ತೇವವೂ ಉಳಿಯುತ್ತದೆ. ಶೌಚದ ನೀರನ್ನು ಮಾತ್ರ ಹೀಗೆ ಬಿಡಕೂಡದು.

ಮೂರನೆಯದು ಬಳಕೆಯನ್ನು ಹಂಚುವುದು. ಸಮಾರಂಭದಲ್ಲಿ ಹೆಚ್ಚಿನವರಿಗೆ ಬೇಕಾಗುವುದು ಮೂತ್ರ ವಿಸರ್ಜನೆಯ ಸ್ಥಳ. ತೆಂಗಿನ ಗರಿಯ ತಟ್ಟಿ ಕಟ್ಟಿ, ಜಲ್ಲಿ ತುಂಬಿದ ಆಳವಿಲ್ಲದ ಗುಂಡಿಯೊಂದನ್ನು ಬಾವಿಯಿಂದ ದೂರದಲ್ಲಿ ಮಾಡಿದರೆ ಗಂಡಸರ ಬಳಕೆಯ ಬಹುಭಾಗ ಅಲ್ಲಿಗೆ ಹೋಗುತ್ತದೆ. ಮನೆಯೊಳಗಿನ ಶೌಚಾಲಯವು ಹೆಂಗಸರಿಗೆ, ವೃದ್ಧರಿಗೆ, ಮಕ್ಕಳಿಗೆ ಮೀಸಲಾಗಲಿ. ನೆರೆಮನೆಯವರು ತಮ್ಮ ಶೌಚಾಲಯವನ್ನೂ ತೆರೆದಿಟ್ಟರೆ ಭಾರ ಇನ್ನಷ್ಟು ಹಗುರವಾಗುತ್ತದೆ. ನೂರಾರು ಜನ ಸೇರುವಲ್ಲಿ ಸಂಚಾರಿ ಶೌಚಾಲಯವನ್ನು ಬಾಡಿಗೆಗೆ ತರಿಸುವುದೇ ಸರಿ.

ಸಮಾರಂಭದ ದಿನ

ಗುಂಡಿಯ ಮುಚ್ಚಳ ಎಲ್ಲಿದೆಯೆಂಬುದು ಮನೆಯವರಿಗೆ ತಿಳಿದಿರುತ್ತದೆ, ಬಂದವರಿಗೆ ತಿಳಿದಿರುವುದಿಲ್ಲ. ಅದರ ಸುತ್ತ ಹಗ್ಗ ಕಟ್ಟಬೇಕು. ಸರಕು ತುಂಬಿದ ಟ್ರ್ಯಾಕ್ಟರ್ ಅಥವಾ ನೀರಿನ ಟ್ಯಾಂಕರ್ ಅದರ ಮೇಲೆ ಹಾಯಬಾರದು. ಅಡುಗೆಯ ಒಲೆಯನ್ನು ಗುಂಡಿಯ ಮೇಲಾಗಲಿ, ಗಾಳಿಕೊಳವೆಯ ಸಮೀಪದಲ್ಲಾಗಲಿ ಹೂಡಬಾರದು. ಅಲ್ಲಿಂದ ಹೊರಡುವ ಅನಿಲದಲ್ಲಿ ಬೆಂಕಿ ಹತ್ತುವ ಮೀಥೇನ್ ಇರುತ್ತದೆ.

ಶೌಚಾಲಯದಲ್ಲಿ ಮುಚ್ಚಳವಿರುವ ಕಸದ ಬುಟ್ಟಿಯೊಂದನ್ನು ಇಡಬೇಕು. ಬಟ್ಟೆ, ನ್ಯಾಪ್ಕಿನ್, ಕಾಗದದ ಲೋಟ, ಅಡಿಕೆ ಚೀಟಿಗಳು ಗುಂಡಿಗೆ ಬೀಳಬಾರದು. ಉಳಿದ ಸಾರು, ಮಜ್ಜಿಗೆ, ಎಣ್ಣೆಯನ್ನು ಶೌಚಾಲಯಕ್ಕೆ ಸುರಿಯುವ ಅಭ್ಯಾಸವೂ ಸಲ್ಲದು. ಶುಚಿಯ ಹೆಸರಿನಲ್ಲಿ ಫಿನಾಯಿಲ್, ಆಸಿಡ್, ಬ್ಲೀಚಿಂಗ್ ಪುಡಿಯನ್ನು ಯಥೇಚ್ಛವಾಗಿ ಸುರಿದರೆ ಕೆಸರನ್ನು ಕರಗಿಸುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಬ್ರಷ್ ಮತ್ತು ಸ್ವಲ್ಪ ಸಾಬೂನಿನ ನೀರು ಸಾಕು. ಬ್ಲೀಚಿಂಗ್ ಪುಡಿ ಮತ್ತು ಆಸಿಡ್‌ಗಳನ್ನು ಬೆರೆಸಿದರೆ ವಿಷಾನಿಲ ಏಳುತ್ತದೆ ಎಂಬುದನ್ನೂ ಮರೆಯಬಾರದು.

ನೀರು ನಿಧಾನವಾಗಿ ಇಳಿಯುವುದು, ಕೊಳವೆಯಲ್ಲಿ ಗುಳುಗುಳು ಸದ್ದು, ದುರ್ವಾಸನೆ, ಇಂಗುಗುಂಡಿಯ ಮೇಲೆ ನೆಲ ಒದ್ದೆಯಾಗುವುದು, ಇವು ಗುಂಡಿ ತುಂಬಿರುವುದರ ಸೂಚನೆಗಳು. ಇವು ಕಂಡೊಡನೆ ಆ ಶೌಚಾಲಯಕ್ಕೆ ಬೀಗ ಹಾಕಿ, ನೀರನ್ನು ನಿಲ್ಲಿಸಿ, ಹೀರುಯಂತ್ರದ ವಾಹನವನ್ನು ಕರೆಸಬೇಕು. ಉಕ್ಕಿದ ಜಾಗಕ್ಕೆ ಸುಣ್ಣ ಮತ್ತು ಮಣ್ಣು ಹಾಕಿ ಮಕ್ಕಳನ್ನು ದೂರವಿಡಬೇಕು. ಕಾರ್ತಿಕದ ಸಮಾರಂಭಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ನಮ್ಮ ಜಿಲ್ಲೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಹೆಚ್ಚಾಗಿರುವುದರಿಂದ ಆಗ ನೆಲವು ಮೊದಲೇ ನೀರುಂಡಿರುತ್ತದೆ. ಬೇಸಿಗೆಯಲ್ಲಿ ಇಂಗಿದಷ್ಟು ನೀರು ಆಗ ಇಂಗುವುದಿಲ್ಲ.

ಗುಂಡಿಗೆ ಯಾರೂ ಇಳಿಯಬಾರದು

ಗುಂಡಿಯೊಳಗೆ ಮೀಥೇನ್ ಜೊತೆಗೆ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವೂ ಇರುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಹೆಚ್ಚಾದಾಗ ಮೂಗು ವಾಸನೆಯನ್ನೇ ಗ್ರಹಿಸದು. ವಾಸನೆಯಿಲ್ಲವೆಂದು ಇಳಿದವನು ಕ್ಷಣಮಾತ್ರದಲ್ಲಿ ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದ ಎರಡನೆಯವನೂ ಕುಸಿಯುತ್ತಾನೆ. ಹಳೆಯ ಬಾವಿಗಳಲ್ಲಿ ಮಾಡುತ್ತಿದ್ದಂತೆ ದೀಪ ಇಳಿಸಿ ನೋಡುವುದು ಇಲ್ಲಿ ಸ್ಫೋಟಕ್ಕೆ ಕಾರಣವಾಗಬಹುದು.

1970ರ ದಶಕದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 2013ರ ಕೇಂದ್ರ ಕಾಯ್ದೆಯು ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಶೌಚಗುಂಡಿಯ ಅಪಾಯಕಾರಿ ಶುಚಿಕಾರ್ಯಕ್ಕೆ ತೊಡಗಿಸಬಾರದೆಂದು ವಿಧಿಸಿದೆ. ಮೊದಲ ಅಪರಾಧಕ್ಕೇ ಎರಡು ವರ್ಷದವರೆಗೆ ಸೆರೆವಾಸ, 2 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಈ ನಿಷೇಧವು ಸಂಸ್ಥೆಗಳಿಗೆ ಮಾತ್ರವಲ್ಲ, ಮನೆಯ ಯಜಮಾನನಿಗೂ ಅನ್ವಯಿಸುತ್ತದೆ. 2023ರ ಅಕ್ಟೋಬರ್ 20ರಂದು ಸರ್ವೋಚ್ಚ ನ್ಯಾಯಾಲಯವು ಇಂತಹ ಕೆಲಸದಲ್ಲಿ ಮಡಿದವರ ಕುಟುಂಬದ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಹೋದ ಜೀವಕ್ಕೆ ಯಾವ ಮೊತ್ತವೂ ಸಮವಲ್ಲ.

ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರನ್ನು ಹಿರಿಯರೆಂದು ಗೌರವಿಸಿದ ಪರಂಪರೆ ನಮ್ಮದು. ಕಾಯಕದಲ್ಲಿ ಮೇಲು ಕೀಳಿಲ್ಲ ಎಂಬ ತತ್ತ್ವವನ್ನು ಮತ್ತೊಬ್ಬರನ್ನು ವಿಷದ ಗುಂಡಿಗೆ ಇಳಿಸುವುದಕ್ಕೆ ನೆಪವಾಗಿಸಬಾರದು. ಕಾಯಕವು ಮನುಷ್ಯನನ್ನು ಎತ್ತರಿಸಬೇಕು. ಯಂತ್ರ ಮಾಡಬಲ್ಲ ಕೆಲಸಕ್ಕೆ ಮನುಷ್ಯನ ಜೀವವನ್ನು ಒಡ್ಡುವುದು ಶರಣಧರ್ಮಕ್ಕೆ ವಿರುದ್ಧ.

ಬಾವಿ ಮತ್ತು ತೋಟ

ಇಂಗುಗುಂಡಿಯು ಕುಡಿಯುವ ನೀರಿನ ಬಾವಿ ಅಥವಾ ಕೊಳವೆಬಾವಿಯಿಂದ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ದೂರದಲ್ಲಿರಬೇಕು. ಬತ್ತಿದ ತೆರೆದ ಬಾವಿಗೋ ವಿಫಲವಾದ ಕೊಳವೆಬಾವಿಗೋ ಶೌಚದ ನೀರನ್ನು ಬಿಡುವುದು ಊರಿನವರೆಲ್ಲ ಕುಡಿಯುವ ಅಂತರ್ಜಲಕ್ಕೆ ನೇರವಾಗಿ ಕೊಳೆ ಸೇರಿಸಿದಂತೆ. ಮಣ್ಣು ಸೋಸುವ ಅವಕಾಶವೇ ಅಲ್ಲಿ ಇರುವುದಿಲ್ಲ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕವಿದೆ. ಮೀರಿದರೆ ಹಸುಗೂಸುಗಳ ರಕ್ತವು ಆಮ್ಲಜನಕವನ್ನು ಸಾಗಿಸುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ನೈಟ್ರೇಟು ಕುದಿಸಿದರೆ ಹೋಗುವುದಿಲ್ಲ. ಗುಂಡಿ ಉಕ್ಕಿದ ಮನೆಯವರು ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ, ಫಲಿತಾಂಶ ತಿಳಿಯುವವರೆಗೆ ಬೇರೆಡೆಯ ನೀರನ್ನು ಕುಡಿಯುವುದು ಕ್ಷೇಮ.

ವಾಹನವು ಹೀರಿಕೊಂಡ ಕೆಸರು ಎಲ್ಲಿಗೆ ಹೋಗುತ್ತದೆಂದು ಕೇಳುವುದೂ ಯಜಮಾನನ ಹೊಣೆ. ಹಸಿ ಕೆಸರನ್ನು ಗೊಬ್ಬರವೆಂದು ತೆಂಗಿನ ತೋಟಕ್ಕೆ ಸುರಿಸಬಾರದು. ಅದರಲ್ಲಿರುವ ಜಂತುಹುಳುಗಳ ಮೊಟ್ಟೆಗಳು ತಿಂಗಳುಗಟ್ಟಲೆ ಜೀವಂತವಾಗಿರುತ್ತವೆ. ಬಿದ್ದ ಕಾಯಿಗಳನ್ನು ಆಯುವವರು ಬರಿಗೈಯಲ್ಲಿ, ಬರಿಗಾಲಲ್ಲಿ ಅದೇ ನೆಲದ ಮೇಲೆ ನಡೆಯುತ್ತಾರೆ. ಕೊಕ್ಕೆಹುಳುವಿನ ಮರಿ ಅಂಗಾಲಿನ ಚರ್ಮದ ಮೂಲಕವೇ ದೇಹವನ್ನು ಹೊಗುತ್ತದೆ. ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಮಲತ್ಯಾಜ್ಯ ಸಂಸ್ಕರಣಾ ಘಟಕದಲ್ಲಿ ಇಂತಹ ಕೆಸರನ್ನು ಒಣಗಿಸಿ, ಹಸಿಕಸದೊಂದಿಗೆ ಕಳಿಸಿ, ಸುರಕ್ಷಿತ ಗೊಬ್ಬರವಾಗಿಸುತ್ತಾರೆ. ಘಟಕವಿಲ್ಲದ ಕಡೆ ಕೆಸರಿಗೆ ಯಾವ ಜಾಗವನ್ನು ಗೊತ್ತುಮಾಡಲಾಗಿದೆಯೆಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬೇಕು. ಕೆರೆಯಂಗಳವಾಗಲಿ ಹಳ್ಳವಾಗಲಿ ಅದಕ್ಕೆ ಜಾಗವಲ್ಲ.

ಕಗ್ಗೆರೆಯ ತೋಟದಲ್ಲಿ ತಪಸ್ಸನ್ನಾಚರಿಸಿದ ಸಿದ್ಧಲಿಂಗ ಯತಿಗಳು ತೋಂಟದ ಸಿದ್ಧಲಿಂಗರೆಂದೇ ಪ್ರಸಿದ್ಧರಾದರು. ಆ ಪರಂಪರೆಯ ಸೀಮೆಯಲ್ಲಿ ಬಾಳುವ ನಮಗೆ ತೋಟದ ನೆಲವೂ ಬಾವಿಯ ನೀರೂ ಪ್ರಸಾದಕ್ಕೆ ಸಮಾನ. ಮುಂದಿನ ಕಾರ್ಯಕ್ಕೆ ಅಕ್ಕಿ ಬೇಳೆಯ ಪಟ್ಟಿ ಬರೆಯುವಾಗ ಕೊನೆಯ ಸಾಲಿನಲ್ಲಿ ಶೌಚಗುಂಡಿಯ ಲೆಕ್ಕವನ್ನೂ ಬರೆಯೋಣ. ಬಂದವರು ತೃಪ್ತರಾಗಿ ಹೊರಟ ಮೇಲೆ ನೆರೆಯವರ ನೀರು ಕೆಡದೆ, ಯಾರೂ ಗುಂಡಿಗೆ ಇಳಿಯದೆ ದಿನ ಕಳೆದರೆ ಆಗ ದಾಸೋಹವು ಪೂರ್ಣವಾಯಿತೆಂದು ತಿಳಿಯಬಹುದು.