ಕಕ್ಷರೋಮ ಮತ್ತು ಲೋಚ: ಒಂದು ಪದವಿಚಾರ

ಉತ್ತರ ಕನ್ನಡದ ಕರಾವಳಿಯಲ್ಲಿ ಭಟ್ಕಳದಿಂದ ಹೊನ್ನಾವರ, ಹಳದೀಪುರಗಳ ಮಾರ್ಗವಾಗಿ ಕುಮಟೆಯವರೆಗೆ ಹಬ್ಬಿದ ನಾಡು ಒಂದು ಕಾಲಕ್ಕೆ ಜಿನಧರ್ಮದ ಪ್ರಬಲ ಆಶ್ರಯಸ್ಥಾನವಾಗಿತ್ತು. ಸಂಗೀತಪುರವೆಂದು ಖ್ಯಾತವಾದ ಹಾಡುವಳ್ಳಿ, ಕ್ಷೇಮಪುರವೆನಿಸಿದ ಗೇರುಸೊಪ್ಪೆ ಇವು ಈ ಪ್ರದೇಶದಲ್ಲಿಯೇ ಇವೆ. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ ಭಟ್ಟಾಕಲಂಕನೂ ಹಾಡುವಳ್ಳಿಯ ಪರಂಪರೆಗೆ ಸೇರಿದವನು. ಜೈನರು, ವೈದಿಕರು, ನವಾಯತ ಮುಸಲ್ಮಾನರು ನೆರೆಹೊರೆಯಾಗಿ ಬಾಳಿದ ಈ ನಾಡಿನಲ್ಲಿ ದೇಹದ ರೋಮವನ್ನು ತೆಗೆಯುವ ವಿಷಯದಲ್ಲಿ ಮೂರು ಶಾಸ್ತ್ರಗಳು ಮೂರು ಬಗೆಯ ವಿಧಿಗಳನ್ನು ಹೇಳುತ್ತವೆ. ವಿಶೇಷವಾಗಿ ಕಂಕುಳಿನ ರೋಮವನ್ನು ಕುರಿತ ವಿಧಿಯನ್ನು ಅರಿಯದಿದ್ದರೆ ‘ಲೋಚ’ವೆಂಬ ಮೂಲಗುಣದ ಅರ್ಥಸೀಮೆಯೇ ತಪ್ಪಿಹೋಗುವ ಸಂಭವವಿದೆ.

ಗೊಂದಲಕ್ಕೆ ಮೊದಲ ಕಾರಣ ಭಾಷೆಯದು. ಸಂಸ್ಕೃತ ಪ್ರಾಕೃತಗಳಲ್ಲಿ ತಲೆಯದು ಕೇಶ, ಮುಖದ್ದು ಶ್ಮಶ್ರು, ಉಳಿದ ಶರೀರದ್ದು ರೋಮ ಅಥವಾ ಲೋಮ ಎಂಬ ವಿಂಗಡಣೆ ಸಾಮಾನ್ಯವಾಗಿ ಕಾಣಬರುತ್ತದೆ. ಕನ್ನಡದ ‘ಕೂದಲು’ ಶಬ್ದವಾದರೋ ಈ ಮೂರನ್ನೂ ಒಳಗೊಳ್ಳುತ್ತದೆ. ಆದ್ದರಿಂದ ಲೋಚಕ್ಕೆ ‘ಕೂದಲು ಕೀಳುವುದು’ ಎಂದಷ್ಟೇ ಅರ್ಥ ಬರೆದಾಗ, ಅದು ಸರ್ವಾಂಗಕ್ಕೂ ಅನ್ವಯಿಸುವ ಕ್ರಿಯೆಯೆಂಬ ಭ್ರಮೆ ಹುಟ್ಟುತ್ತದೆ. ಇನ್ನು ‘ಕಕ್ಷ’ ಶಬ್ದಕ್ಕೆ ಕಂಕುಳು ಎಂಬಂತೆ ಒಣಹುಲ್ಲು, ಪೊದೆ ಎಂಬ ಅರ್ಥಗಳೂ ಇವೆ. ಹಸ್ತಪ್ರತಿಯನ್ನು ಓದುವವರು ಸಂದರ್ಭವನ್ನು ನೋಡಿಯೇ ಅರ್ಥ ನಿರ್ಣಯಿಸಬೇಕಾಗುತ್ತದೆ.

ಆಚಾರಗ್ರಂಥಗಳಲ್ಲಿ ಈ ಸೀಮೆ ಸ್ಪಷ್ಟವಾಗಿದೆ. ಕುಂದಕುಂದಾಚಾರ್ಯರು ‘ಪ್ರವಚನಸಾರ’ದಲ್ಲಿ ಶ್ರಮಣಲಿಂಗವನ್ನು ನಿರೂಪಿಸುವಾಗ ಕಿತ್ತು ತೆಗೆಯತಕ್ಕವುಗಳೆಂದು ಕೇಶ ಮತ್ತು ಶ್ಮಶ್ರು ಎಂಬ ಎರಡನ್ನು ಮಾತ್ರ ಹೆಸರಿಸಿದ್ದಾರೆ, ಶರೀರಸಂಸ್ಕಾರವಿಲ್ಲದಿರುವಿಕೆಯನ್ನೂ ಅಲ್ಲಿಯೇ ಹೇಳಿದ್ದಾರೆ. ‘ಮೂಲಾಚಾರ’ವು ಇಪ್ಪತ್ತೆಂಟು ಮೂಲಗುಣಗಳಲ್ಲಿ ಲೋಚವನ್ನು ಎಣಿಸಿ, ಎರಡು ತಿಂಗಳಿಗೊಮ್ಮೆ ಮಾಡುವುದು ಉತ್ಕೃಷ್ಟ, ಮೂರಕ್ಕೆ ಮಧ್ಯಮ, ನಾಲ್ಕಕ್ಕೆ ಜಘನ್ಯವೆಂದು ವಿಧಿಸಿ, ಆ ದಿನ ಪ್ರತಿಕ್ರಮಣ ಮತ್ತು ಉಪವಾಸಗಳನ್ನು ಹೇಳಿದೆ.

ಶ್ವೇತಾಂಬರ ಆಗಮಗಳಲ್ಲಿ ಕಕ್ಷರೋಮದ ಮಾತು ನೇರವಾಗಿಯೇ ಬರುತ್ತದೆ. ‘ಆಚಾರಾಂಗ’ದ ಎರಡನೆಯ ಶ್ರುತಸ್ಕಂಧದ ಪರಕ್ರಿಯಾ ಪ್ರಕರಣದಲ್ಲಿ, ಭಿಕ್ಷುವಿನ ನೀಳವಾದ ಕೂದಲು, ಮೈರೋಮ, ಹುಬ್ಬು, ಕಕ್ಷರೋಮ, ವಸ್ತಿರೋಮಗಳನ್ನು ಬೇರೊಬ್ಬನು ಕತ್ತರಿಸಿ ಒಪ್ಪಮಾಡಲು ಬಂದರೆ ಭಿಕ್ಷುವು ಅದನ್ನು ಬಯಸಲೂ ಬಾರದು, ಮಾಡಿಸಿಕೊಳ್ಳಲೂ ಬಾರದು ಎಂದಿದೆ. ‘ದಶವೈಕಾಲಿಕ’ವು ಮುಂಡಿತಶಿರಸ್ಕನಾದ ಮುನಿಯನ್ನೇ ದೀರ್ಘವಾದ ರೋಮನಖಗಳುಳ್ಳವನೆಂದೂ ವರ್ಣಿಸಿ, ಅಂಥವನಿಗೆ ಅಲಂಕಾರದಿಂದ ಪ್ರಯೋಜನವೇನೆಂದು ಕೇಳುತ್ತದೆ. ಮುಂಡಿತನೂ ಹೌದು, ದೀರ್ಘರೋಮನೂ ಹೌದು ಎಂಬುದು ಮೇಲುನೋಟಕ್ಕೆ ವಿರೋಧವಾಗಿ ತೋರಿದರೂ ಕೇಶ ರೋಮಗಳ ಭೇದವನ್ನು ತಿಳಿದವರಿಗೆ ವಿರೋಧವಿಲ್ಲ.

ಬೌದ್ಧರ ವಿನಯವೂ ಇದಕ್ಕೆ ಸಮೀಪವಾಗಿದೆ. ‘ಚುಲ್ಲವಗ್ಗ’ವು ‘ಸಂಬಾಧ’ ಸ್ಥಾನದ ರೋಮ ತೆಗೆಸುವುದನ್ನು ರೋಗದ ಸಂದರ್ಭವೊಂದನ್ನು ಬಿಟ್ಟು ನಿಷೇಧಿಸಿದೆ. ಭಿಕ್ಷುಣಿಯರ ನಿಯಮವಿಭಾಗದಲ್ಲಿ ಸಂಬಾಧವೆಂದರೆ ಎರಡು ಕಂಕುಳುಗಳು ಮತ್ತು ಗುಹ್ಯಪ್ರದೇಶವೆಂದು ವಿವರಣೆಯಿದೆ.

ಇದಕ್ಕೆ ಪ್ರತಿಯಾಗಿ ವಾತ್ಸ್ಯಾಯನನ ‘ಕಾಮಸೂತ್ರ’ವು ನಾಗರಕನಿಗೆ ನಾಲ್ಕನೆಯ ದಿನ ಮುಖಕ್ಷೌರವನ್ನೂ, ಐದನೆಯ ಅಥವಾ ಹತ್ತನೆಯ ದಿನ ಗುಹ್ಯಾಂಗಗಳ ರೋಮಾಪನಯನವನ್ನೂ, ಮುಚ್ಚಿದ ಕಂಕುಳಿನ ಬೆವರನ್ನು ಸದಾ ಒರೆಸಿಕೊಳ್ಳುವುದನ್ನೂ ಹೇಳುತ್ತದೆ. ಇಲ್ಲಿ ಉದ್ದೇಶವು ಭೋಗ. ಹವ್ಯಕರಲ್ಲಿ ಬಳಕೆಯಲ್ಲಿರುವ ಕೃಷ್ಣಯಜುರ್ವೇದದ ‘ತೈತ್ತಿರೀಯ ಬ್ರಾಹ್ಮಣ’ದಲ್ಲಿ ಇದು ಯಜ್ಞದೀಕ್ಷೆಯ ಕ್ರಮವಾಗಿದೆ: ಅಸುರರು ಮೊದಲು ತಲೆ, ಬಳಿಕ ಗಡ್ಡ, ಕೊನೆಗೆ ಕಂಕುಳನ್ನು ಬೋಳಿಸಿ ಸೋತರು, ದೇವತೆಗಳು ಕಂಕುಳಿನಿಂದ ಆರಂಭಿಸಿ ಸ್ವರ್ಗವನ್ನು ಪಡೆದರು. ಭಟ್ಕಳದ ನವಾಯತರು ಅನುಸರಿಸುವ ಇಸ್ಲಾಮಿನಲ್ಲಿ ಕಂಕುಳಿನ ರೋಮವನ್ನು ಕೀಳುವುದು ‘ಫಿತ್ರ’, ಅಂದರೆ ಸಹಜಶುದ್ಧಿಯ ಆಚರಣೆಗಳಲ್ಲೊಂದು; ನಲವತ್ತು ದಿನಗಳನ್ನು ಮೀರಿ ಬಿಡಬಾರದೆಂದು ಹದೀಸು ಹೇಳುತ್ತದೆ. ಒಂದೇ ಕರಾವಳಿಯಲ್ಲಿ ಒಂದು ಶಾಸ್ತ್ರವು ಕಂಕುಳಿನದನ್ನು ಕೀಳಲು ಹೇಳಿದರೆ, ಇನ್ನೊಂದು ತಲೆಯದನ್ನು ಕಿತ್ತು ಕಂಕುಳಿನದನ್ನು ಮುಟ್ಟದಿರಲು ಹೇಳುತ್ತದೆ.

ಹೀಗಿರುವಲ್ಲಿ ಒಂದು ಶಂಕೆ ಏಳಬಹುದು. ಲೋಚಕ್ಕೆ ‘ಭಗವತೀ ಆರಾಧನೆ’ ಮೊದಲಾದ ಗ್ರಂಥಗಳು ಕೊಡುವ ಕಾರಣಗಳಲ್ಲಿ, ಸಂಸ್ಕಾರವಿಲ್ಲದ ಕೂದಲಿನಲ್ಲಿ ಹೇನು ಮೊದಲಾದ ಜೀವಗಳು ಹುಟ್ಟಿ ಹಿಂಸೆಗೆ ಎಡೆಯಾಗುವುದೆಂಬುದು ಮುಖ್ಯ. ಈ ಕಾರಣವು ಕಂಕುಳಿಗೂ ಸಲ್ಲದೆ? ಇದಕ್ಕೆ ಸಮಾಧಾನವನ್ನು ಶರೀರಸ್ವಭಾವದಿಂದ ಊಹಿಸಬಹುದು. ತಲೆಯ ಕೂದಲಿನ ಬೆಳವಣಿಗೆಯ ಅವಧಿ ಹಲವು ವರ್ಷಗಳದು, ಬಿಟ್ಟಷ್ಟೂ ಜಟೆಗಟ್ಟುತ್ತದೆ. ಕಕ್ಷರೋಮದ ಅವಧಿ ಕೆಲವೇ ತಿಂಗಳುಗಳದು. ಅದು ತನ್ನ ಮಿತಿಯಲ್ಲಿ ನಿಂತು ಉದುರಿಹೋಗುತ್ತದೆ. ಹಾಗಾಗಿ ಜಟೆಯ ದೋಷ ಅಲ್ಲಿಲ್ಲ. ಉಳಿಯುವುದು ಬೆವರು ಮತ್ತು ದುರ್ಗಂಧ. ಅವನ್ನು ಸಹಿಸುವುದು ಇಪ್ಪತ್ತೆರಡು ಪರೀಷಹಗಳಲ್ಲೊಂದಾದ ಮಲಪರೀಷಹದ ಜಯವೇ ಆಗಿದೆ. ಅದನ್ನು ತೆಗೆಯಹೊರಟರೆ ಜೀವದಯೆಯ ಸ್ಥಾನದಲ್ಲಿ ಶರೀರಸಂಸ್ಕಾರವು ಬಂದು ಕೂರುತ್ತದೆ.

ಈ ವಿಧಿಯು ಯತಿಗಳದು, ಗೃಹಸ್ಥರನ್ನು ಬಂಧಿಸುವುದಲ್ಲ. ಶ್ರಾವಕ ಶ್ರಾವಿಕೆಯರು ದೇಶಾಚಾರದಂತೆ ಶುಚಿತ್ವವನ್ನು ಪಾಲಿಸಬಹುದು. ಅಲಂಕಾರಕ್ಕೆ ಭೋಗೋಪಭೋಗಪರಿಮಾಣವ್ರತವೇ ಅಳತೆ. ಆದರೆ ಸ್ತ್ರೀಯರ ಕಂಕುಳಿನ ರೋಮವೇ ನಾಚಿಕೆಗೇಡೆಂಬ ಇಂದಿನ ಭಾವನೆಗೆ ಪ್ರಚಾರ ಕೊಟ್ಟದ್ದು ಶಾಸ್ತ್ರವಲ್ಲ, ವಾಣಿಜ್ಯ. ತೋಳಿಲ್ಲದ ಉಡುಪು ಬಳಕೆಗೆ ಬಂದ ಕಾಲದಲ್ಲಿ, 1915ರಲ್ಲಿ, ಅಮೆರಿಕದ ಜಿಲೆಟ್ ಸಂಸ್ಥೆ ಸ್ತ್ರೀಯರಿಗೆಂದೇ ಕ್ಷೌರದ ಉಪಕರಣವನ್ನು ಮಾರಲಾರಂಭಿಸಿತು. ಜಾಹೀರಾತುಗಳು ಆ ಭಾವನೆಯನ್ನು ಬೆಳೆಸಿದವು.

ಆದುದರಿಂದ ಆಚಾರಗ್ರಂಥಗಳನ್ನು ಸಂಪಾದಿಸುವವರೂ ಕನ್ನಡಿಸುವವರೂ ಲೋಚಕ್ಕೆ ‘ತಲೆ, ಗಡ್ಡ, ಮೀಸೆಗಳ ಕೂದಲನ್ನು ಕೈಯಿಂದ ಕೀಳುವುದು’ ಎಂದೇ ಅರ್ಥ ಬರೆಯುವುದು ಯುಕ್ತ. ‘ಮೈಕೂದಲು’ ಎಂದು ಬರೆದರೆ ಶಾಸ್ತ್ರವು ನಿಷೇಧಿಸಿದ್ದನ್ನೇ ವಿಧಿಯೆಂದು ಸಾರಿದಂತಾದೀತು. ರೋಮವಿದ್ದ ಮಾತ್ರಕ್ಕೆ ದೇಹವು ಅಶುಚಿಯಲ್ಲ, ತೆಗೆದ ಮಾತ್ರಕ್ಕೆ ಶುಚಿಯೂ ಅಲ್ಲ. ದೇಹದ ಅಶುಚಿತ್ವವು ಸ್ವಭಾವಸಿದ್ಧವೆಂದು ಅಶುಚಿ ಅನುಪ್ರೇಕ್ಷೆಯು ಬೋಧಿಸುತ್ತದೆ. ಲೋಚವು ದೇಹದ ಶುದ್ಧಿಗಾಗಿ ಹುಟ್ಟಿದ ಕ್ರಿಯೆಯಲ್ಲ, ದೇಹಮಮತೆಯ ತ್ಯಾಗಕ್ಕಾಗಿ ಹುಟ್ಟಿದ್ದು ಎಂಬುದನ್ನು ಈ ಒಂದು ಪದದ ಸೀಮೆಯೇ ಕಾಪಾಡಿಕೊಂಡು ಬಂದಿದೆ.